ದಾರ ಕಟ್ಟಿ ಕತ್ತರಿಸಿದ ಕೇಪಳ

“ಗುರುಗಳೇ, ನನ್ನ ಮಗಳು ಹಾಡುವುದನ್ನೇ ಬಿಟ್ಟಿದ್ದಾಳೆ,” ಎಂದ ಶಿಷ್ಯ ಸೋಮಯ್ಯ. “ತಪ್ಪಿದಲ್ಲೆಲ್ಲ ತಿದ್ದಿದೆ, ಒಂದು ಸ್ವರವನ್ನೂ ಬಿಟ್ಟವನಲ್ಲ. ಈಗ ಬಾಯೇ ತೆರೆಯುವುದಿಲ್ಲ. ಅವಳಿಗೆ ಸಂಗೀತ ಒಲಿಯಲಿಲ್ಲ ಎಂದುಕೊಂಡು ಪಾಠ ನಿಲ್ಲಿಸಿಬಿಡಲೇ?”

“ಭಲೇ! ತೀರ್ಪನ್ನು ನೀನೇ ಬರೆದು ತಂದು ನನ್ನ ರುಜು ಕೇಳುತ್ತೀಯಲ್ಲ ಮಾರಾಯ,” ಎಂದು ಗುರು ನಕ್ಕರು. “ಕೂತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ.”

ಆ ವರ್ತಕನ ತಾಯಿಯ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಮೂರು ವರ್ಷದೊಳಗೆ ದೃಷ್ಟಿ ಪೂರ್ತಿ ಹೋಗುತ್ತದೆ ಎಂದು ವೈದ್ಯ ಹೇಳಿಬಿಟ್ಟಿದ್ದ. ಅವಳ ತವರು ಗುಡ್ಡದ ಮೇಲಿನ ಊರು. ಅಲ್ಲಿ ಪೊದೆಪೊದೆಯಲ್ಲೂ ಕೆಂಪು ಕೇಪಳ. “ನಮ್ಮ ಗುಡ್ಡದ ಕೇಪಳ ಹೂ ನೋಡಬೇಕು ಮಗಾ, ಕಣ್ಣಿರುವಾಗಲೇ,” ಎಂದಳು. ಗುಡ್ಡ ಹತ್ತುವ ಶಕ್ತಿ ಅವಳಿಗೆ ಉಳಿದಿರಲಿಲ್ಲ. ಮಗ ತಡಮಾಡಲಿಲ್ಲ. ಗುಡ್ಡದಿಂದ ಗಿಡ ತರಿಸಿ ಅಂಗಳದ ಸುತ್ತ ಬೇಲಿಯಾಗಿ ನೆಡಿಸಿದ.

ಆದರೆ ಆಸಾಮಿ ಬಲು ಶಿಸ್ತಿನವನು. ಬೇಲಿ ಗೋಡೆಯ ಹಾಗಿರಬೇಕು! ಪ್ರತಿ ಸೋಮವಾರ ಈ ತುದಿಯಿಂದ ಆ ತುದಿಗೆ ದಾರ ಕಟ್ಟುವುದು, ದಾರ ಮೀರಿದ ಚಿಗುರನ್ನೆಲ್ಲ ತಾನೇ ಕತ್ತರಿಸುವುದು. ದಾರಿಹೋಕರು ನಿಂತು ಹೊಗಳುತ್ತಿದ್ದರು. ಹೂವು ಮಾತ್ರ ಇಲ್ಲ. ಗೊಬ್ಬರ ಹಾಕಿದ, ನೀರು ಹೆಚ್ಚಿಸಿದ. ತಾಯಿ ದಿನಾ ಬೆಳಿಗ್ಗೆ ಜಗಲಿಗೆ ಬಂದು, “ಬಿಟ್ಟಿತೇನೋ?” ಎಂದು ಕೇಳುವಳು, ಒಳಗೆ ಹೋಗುವಳು. ಹೀಗೇ ಮೂರು ವರ್ಷ ಹತ್ತಿರವಾಯಿತು.

ಕಡೆಗೆ ಅವನಿಗೆ ರೇಗಿತು. “ಗೊಡ್ಡು ಗಿಡ ಕೊಟ್ಟು ಮೋಸ ಮಾಡಿದರು,” ಎಂದು ಕಿತ್ತೆಸೆಯಲು ಗುದ್ದಲಿ ತೆಗೆದ. ಅದೇ ಹೊತ್ತಿಗೆ ಸೊಪ್ಪು ಮಾರಲು ಬಂದ ಗುಡ್ಡದ ಹೆಂಗಸೊಬ್ಬಳು ತಿಪ್ಪೆಯ ಬಳಿ ನಿಂತಳು. ಹಿಂದಿನ ದಿನ ಕತ್ತರಿಸಿ ಎಸೆದ ಚಿಗುರೊಂದನ್ನು ಎತ್ತಿ ನೋಡಿದಳು. ತುದಿಯಲ್ಲಿ ಸಾಸಿವೆಯಷ್ಟು ಮೊಗ್ಗುಗಳಿದ್ದವು.

“ಅಯ್ಯೋ ಧಣಿ, ಕೇಪಳ ಹೂ ಬಿಡುವುದೇ ತುದಿಯಲ್ಲಿ! ಗಿಡ ಏನು ಮೋಸ ಮಾಡೀತು? ವಾರವಾರವೂ ಮೊಗ್ಗನ್ನೆಲ್ಲ ನೀವೇ ತಿಪ್ಪೆಗೆ ಸುರಿದಿದ್ದೀರಿ,” ಎಂದಳು.

ವರ್ತಕ ಗುದ್ದಲಿ ಕೆಳಗಿಟ್ಟ. ಅಂದೇ ದಾರ ಬಿಚ್ಚಿದ. ಕೆಲವು ತಿಂಗಳಲ್ಲಿ ಬೇಲಿ ಅಂಕುಡೊಂಕಾಗಿ ಬೆಳೆದು, ತುಂಬ ಹೂ ಹೊತ್ತು ನಿಂತಿತು. ಓಡಿಹೋಗಿ ಒಂದು ಗೊಂಚಲು ಕೊಯ್ದು ತಾಯಿಯ ಅಂಗೈಯಲ್ಲಿಟ್ಟ. ಆ ವೇಳೆಗೆ ಅವಳಿಗೆ ಹಗಲೂ ಇರುಳೂ ಒಂದೇ ಆಗಿತ್ತು. ಅವಳು ಒಂದೊಂದೇ ಎಸಳನ್ನು ಬೆರಳಿನಿಂದ ತಡವಿದಳು. ನಕ್ಕಳು. ಆಮೇಲೆ ಕೇಳಿದಳು: “ನಮ್ಮ ಗುಡ್ಡದಷ್ಟೇ ಕೆಂಪಗಿದೆಯೇನೋ ಮಗಾ?”

ಗುರು ಕತೆ ನಿಲ್ಲಿಸಿದರು.

“ಆದರೂ ಗುರುಗಳೇ, ತಿದ್ದದಿದ್ದರೆ ಅವಳು ಕಲಿಯುವುದು ಹೇಗೆ?” ಎಂದ ಸೋಮಯ್ಯ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಗುರು ಅವನ ಭುಜ ತಟ್ಟಿ ಎದ್ದರು.

“ನಿನಗೆ ಕಿವಿ ಇನ್ನೂ ಕೇಳಿಸುತ್ತದಲ್ಲಪ್ಪಾ, ಮನೆಗೆ ಹೋಗಿ ಅವಳ ಪಕ್ಕ ಸುಮ್ಮನೆ ಕೂತುಕೋ.”