ಮನೆಯವರೆಲ್ಲರ ಟಗರು

ಭಾಳ ಹಿಂದೆ ಮಗಾ, ನಮ್ಮಜ್ಜಿಯ ಅಜ್ಜಿನೂ ಇನ್ನೂ ಹುಟ್ಟಿರದ ಕಾಲದಲ್ಲಿ, ಒಂದೂರಲ್ಲಿ ಮಾಬುಬಿ ಅಂತ ಅರಳೆ ಹಿಂಜೋಳು ಒಬ್ಬಳಿದ್ಲಂತೆ. ಗಂಡ ಇಲ್ಲ, ಮೂರು ಗಂಡುಮಕ್ಕಳು. ದೊಡ್ಡೋನು ಮಕ್ತುಮ ಗಾದಿ ಮಾರೋಕೆ ಅಂತ ಗಾಡಿಯೋರ ಜೊತೆ ಘಟ್ಟ ಇಳಿದು ಹೋದೋನು ವರ್ಷಗಟ್ಟಲೆ ಬರಲೇ ಇಲ್ವಂತೆ. ಬದುಕವ್ನೋ ಇಲ್ವೋ, ಹೇಳೋರೇ ಇಲ್ಲ.

ಆಮೇಲೆ ಬಕ್ರೀದು ಬಂತು. ಮಾಬುಬಿ ಸಾಕಿದ ಟಗರು ಒಂದಿತ್ತು, ಕುಂಟಿಲ್ಲ ಕುರುಡಿಲ್ಲ, ಕೊಬ್ಬಿ ನಿಂತಿತ್ತು. ಇದನ್ನ ನನ್ನ ಮಕ್ತುಮನ ಹೆಸರಲ್ಲಿ ಕುರ್ಬಾನಿ ಕೊಡೋಣ ಅಂದ್ಲಂತೆ. ಎರಡನೆಯೋನು ರಾಜಾಸಾಬು, ಆಗಲಿ ಕಣವ್ವ, ತೀರಿಕೊಂಡೋರ ಹೆಸರಲ್ಲಿ ಕೊಡಬಹುದಂತೆ ಅಂದುಬಿಟ್ಟ. ಚಿಕ್ಕೋನು ಲಾಲುಸಾಬು, ಅಣ್ಣ ಬದುಕವ್ನೆ, ಬದುಕಿರೋರ ಹೆಸರಲ್ಲಿ ಕೊಡೋಕೆ ಅವರನ್ನ ಕೇಳಬೇಕಂತೆ, ಹೆಂಗೆ ಕೇಳ್ತೀಯ ಅಂದ. ಅಣ್ಣತಮ್ಮಂದಿರು ಜಗಳಕ್ಕೇ ಬಿದ್ರು. ಕೊಟ್ರೆ ಮಗ ಸತ್ತ ಅಂತ ನಾನೇ ಒಪ್ಪಿದಂಗೆ, ಕೊಡದಿದ್ರೆ ಅವನ್ನ ಕೈಬಿಟ್ಟಂಗೆ ಅಂತ ಅವಳು ಊಟನೇ ಬಿಟ್ಲಂತೆ.

ಆಮೇಲೆ ತಡೀಲಾರದೆ ಸೆರಗು ಹೊದ್ದು ಖಾಜಿಯವರ ಮನೆಗೆ ಹೋದ್ಲು. ಆ ಮುದುಕರು ಎಲ್ಲ ಕೇಳಿ, ಮಕ್ಕಳಿಬ್ಬರೂ ಹೇಳಿದ್ದು ಸರಿನೇ ಕಣಮ್ಮ, ಆದರೆ ಅಷ್ಟು ದೂರ ಯಾಕೆ ಹೋಗ್ತೀರಿ ಅಂದ್ರಂತೆ. ಟಗರು ನಿಂದು, ನಿನ್ನ ಹೆಸರಲ್ಲೇ ಕೊಡು. ಯಾ ಅಲ್ಲಾ, ಇದರ ಪುಣ್ಯದಲ್ಲಿ ನನ್ನ ಮನೆಯವರೆಲ್ಲರಿಗೂ ಪಾಲಿರಲಿ ಅಂತ ಬೇಡಿಕೋ. ಪೈಗಂಬರರೂ ತಮ್ಮ ಮನೆಯವರನ್ನ ಹಂಗೇ ಸೇರಿಸಿಕೊಂಡಿದ್ರು. ಮಕ್ತುಮ ಎಲ್ಲಿದ್ರೂ ನಿನ್ನ ಮನೆಯೋನೇ ಅಲ್ವಾ? ಬದುಕವ್ನೋ ಇಲ್ವೋ ಅಂತ ನೀನು ತೀರ್ಮಾನ ಮಾಡಬೇಕಾಗೇ ಇಲ್ಲ.

ಹೂಂ ಮಗಾ, ಅವಳು ಅಲ್ಲೇ ಹೊಸ್ತಿಲ ಮೇಲೆ ಕುಂತು ಅತ್ಲಂತೆ, ಎದೆ ಹಗುರಾಗೋ ಹಂಗೆ.

ಆಮೇಲೆ ಹಬ್ಬದ ದಿನ ನಮಾಜು ಮುಗಿದು, ಕುರ್ಬಾನಿ ಆಗಿ, ಮನೆಗೊಂದು ಪಾಲು, ನೆಂಟರಿಗೊಂದು ಪಾಲು, ಬಡವರಿಗೊಂದು ಪಾಲು ಅಂತ ಮಾಡಿ, ಬಡವರ ಪಾಲನ್ನ ತಾನೇ ಬುಟ್ಟೀಲಿ ಹೊತ್ತು ದಾರಿಹೋಕರು ತಂಗೋ ಮುಸಾಫಿರಖಾನೆಗೆ ಹೋದ್ಲಂತೆ. ಅಲ್ಲೊಬ್ಬ ಗಡ್ಡದೋನು ಮೂಲೇಲಿ ಬಿದ್ದಿದ್ದ, ಕಾಲು ಬಾತಿತ್ತು. ತಗೋಪ್ಪ ಅಂತ ಕೈ ಚಾಚಿದ್ಲು. ಅವನು ಪಾಲು ಬಿಟ್ಟು ಕೈಯನ್ನೇ ಹಿಡಕೊಂಡು, ಅವ್ವಾ, ನಾನು ಕಣವ್ವ ಅಂದನಂತೆ! ಪರವೂರಲ್ಲಿ ಕಾಯಿಲೆ ಬಿದ್ದು, ಎದ್ದು ನಡಕೊಂಡೇ ಬಂದಿದ್ದ, ಊರ ಬಾಗಿಲಿಗೆ ಬಂದಾಗ ಕಾಲು ಏಳಲಿಲ್ಲವಂತೆ.

ಆಮೇಲೆ, ಮಕ್ತುಮ ತೀರಿಕೊಂಡ ಅಂದಿದ್ದ ರಾಜಾಸಾಬುನೇ ಸುದ್ದಿ ಕೇಳಿ ಓಡಿಬಂದು, ತಮ್ಮನಿಗೆ ಮುಟ್ಟೋಕೂ ಬಿಡದೆ, ಅಣ್ಣನ್ನ ಬೆನ್ನ ಮೇಲೆ ಹೊತ್ತು ಮನೆಗೆ ತಂದನಂತೆ, ದಾರಿಯುದ್ದ ಅಳ್ತಾ. ಮಾಬುಬಿ ಮೂವರಿಗೂ ಬಡಿಸಿ ತಾನೂ ಹೊಟ್ಟೆ ತುಂಬ ಉಂಡ್ಲು. ಉಂಡು ಎಲ್ಲರೂ ಮಲಗಿದ್ರು, ಕತೆನೂ ಮಲಗಿತು. ನೀನೂ ಮಲಗು ಇನ್ನ.