ಕಂಬಳಿಗಾಳಿ ದಿನ್ನೆ

ಬೆಳವನಾಳ ಊರಿನಿಂದ ಉತ್ತರಕ್ಕೆ ಹೋಗುವ ದಾರಿಯಲ್ಲಿ, ಕರಿಮಣ್ಣಿನ ಹೊಲಗಳ ನಡುವೆ, ಬೋರಲು ಹಾಕಿದ ಬೋಗುಣಿಯಂತೆ ಒಂದು ದಿನ್ನೆ ಕಾಣುತ್ತದೆ. ಅದರ ಮೇಲೆ ಮರವಿಲ್ಲ, ಗುಡಿಯಿಲ್ಲ, ಅಕ್ಷರ ಕೆತ್ತಿದ ಕಲ್ಲೂ ಇಲ್ಲ. ಇರುವುದು ಒಂದು ಹಳೆಯ ಕಣ ಮಾತ್ರ. ವರ್ಷದ ಹೆಚ್ಚಿನ ದಿನಗಳಲ್ಲಿ ಅಲ್ಲಿ ಮೇಕೆಗಳು ಮಲಗಿರುತ್ತವೆ. ಜೋಳದ ಸುಗ್ಗಿ ಮುಗಿದಾಗ ಮಾತ್ರ ಅದನ್ನು ಸೆಗಣಿಯಿಂದ ಸಾರಿಸಿ ನುಣ್ಣಗೆ ಮಾಡುತ್ತಾರೆ, ಸುತ್ತಲಿನ ಏಳೂರ ಸುಗ್ಗಿ ಜಾತ್ರೆ ಅಲ್ಲಿ ನೆರೆಯುತ್ತದೆ. ಸರಕಾರದ ನಕಾಶೆಯಲ್ಲಿ ಆ ಜಾಗಕ್ಕಿರುವುದು ಬರಿಯ ಸರ್ವೆ ನಂಬರು. ಜನರ ಬಾಯಲ್ಲಿ ಮಾತ್ರ ಅದು ಕಂಬಳಿಗಾಳಿ ದಿನ್ನೆ. ಕಂಬಳಿಗೂ ಗಾಳಿಗೂ ಎಲ್ಲಿಯ ನಂಟು ಎಂದು ಕೇಳಿದವರನ್ನು ಊರ ಹಿರಿಯರು ಕೂಡಿಸಿಕೊಂಡು ಹಾಲವ್ವನ ಸಂಗತಿ ಹೇಳುತ್ತಾರೆ.

ಹಿಂದೆ ಒಮ್ಮೆ, ಈಗಿನವರ ಮುತ್ತಜ್ಜನ ಮುತ್ತಜ್ಜಂದಿರ ಕಾಲದಲ್ಲಿ, ಆ ದಿನ್ನೆಯ ಕಣ ಹಾಲವ್ವನದಾಗಿತ್ತಂತೆ. ಗಂಡ ತೀರಿಕೊಂಡ ಮೇಲೆ ನಾಲ್ಕು ಎಕರೆ ಹೊಲವನ್ನು ಒಬ್ಬಳೇ ಬಿತ್ತಿ, ಹರಗಿ, ಕೊಯ್ದು ಬಾಳುತ್ತಿದ್ದ ಗಟ್ಟಿ ಹೆಂಗಸು ಅವಳು. ನೆರೆಮನೆಗೆ ಬೆಂಕಿ ಕೇಳಲೂ ಹೋದವಳಲ್ಲ. ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಮುಚ್ಚಿ ಹನ್ನೆರಡು ವರ್ಷ ಉಳಿಸಿಕೊಂಡಿದ್ದಳು ಎನ್ನುತ್ತಾರೆ. ಆ ವರ್ಷ ಹಂತಿ ಕಟ್ಟಿ ತೆನೆ ತುಳಿಸುವಾಗ ಅವಳ ಜೋಡೆತ್ತುಗಳಲ್ಲಿ ಒಂದರ ಕಾಲು ಉಳುಕಿತು. ಎತ್ತು ಕೊಡುತ್ತೇವೆಂದು ಇಬ್ಬರು ಮೂವರು ಬಂದರು. "ನನ್ನ ಕೈಕಾಲು ಇನ್ನೂ ನೆಟ್ಟಗದಾವು" ಎಂದು ಅವರನ್ನು ಹಿಂದಕ್ಕೆ ಕಳಿಸಿ, ಉಳಿದ ಒಂಟೆತ್ತಿನ ಹಿಂದೆ ತಾನೇ ಸುತ್ತಿದಳು. ತುಳಿಸಿ ಮುಗಿಸುವಷ್ಟರಲ್ಲಿ ಊರಿನವರೆಲ್ಲರ ಜೋಳ ಮನೆ ಸೇರಿತ್ತು. ಅವಳು ತೂರಲು ಬುಟ್ಟಿ ಎತ್ತಿದ ದಿನವೇ ಗಾಳಿ ನಿಂತುಹೋಯಿತು.

ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತು ದಿನ ಎಲೆ ಅಲುಗಲಿಲ್ಲ. ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ಹಾಲವ್ವ ಬುಟ್ಟಿ ಸುರಿದರೆ ಕಾಳೂ ಹೊಟ್ಟೂ ಜೊತೆಯಾಗಿಯೇ ಕಾಲಬುಡಕ್ಕೆ ಬೀಳುತ್ತಿದ್ದವು. ಅಷ್ಟರಲ್ಲಿ ಜಾತ್ರೆ ಬಂತು. ಬಳೆಗಾರರು, ಬೆಂಡು ಬತ್ತಾಸಿನವರು, ಮಣ್ಣಿನ ಗಡಿಗೆಯವರು, ದೂರದ ಹಟ್ಟಿಗಳಿಂದ ಕಂಬಳಿ ಮಾರುವ ಕುರುಬರು, ಎಲ್ಲರೂ ಗಾಡಿ ಬಿಟ್ಟು ದಿನ್ನೆಯ ಕೆಳಗೆ ಬೀಡುಬಿಟ್ಟರು. ಆದರೆ ಏಳೂರ ಕಟ್ಟಳೆಯೊಂದಿತ್ತು: ಬೆಳವನಾಳದ ಕೊನೆಯ ರಾಶಿ ಮನೆ ಸೇರುವ ತನಕ ಜಾತ್ರೆಯ ಡೊಳ್ಳಿಗೆ ಕೋಲು ತಾಗಬಾರದು. ಒಬ್ಬರ ಕಣದಲ್ಲಿ ದುಡಿಮೆ ಉಳಿದಿರುವಾಗ ಉಳಿದವರು ಕುಣಿಯಬಾರದೆಂದು ಹಿರಿಯರು ಮಾಡಿದ ಕಟ್ಟಳೆ ಅದು. ಮೂರು ದಿನ ಜನ ಕಾದರು. ಬತ್ತಾಸು ಜಿನುಗತೊಡಗಿತು, ಮಕ್ಕಳು ರಚ್ಚೆ ಹಿಡಿದವು, ಪಡುವಣದಲ್ಲಿ ಅಕಾಲದ ಮೋಡವೊಂದು ತಲೆಯೆತ್ತಿತು. ದಿನ್ನೆಯ ಮೇಲೆ ನಿಂತ ಹಾಲವ್ವನಿಗೆ, ಕೆಳಗಿನ ಸಾವಿರ ಕಣ್ಣುಗಳೂ ತನ್ನ ಬೆನ್ನಿಗೇ ನೆಟ್ಟಂತಾಯಿತು. ಹತ್ತು ದಿನದ ಬೇಸರಕ್ಕಿಂತ ಆ ನಾಚಿಕೆಯೇ ಅವಳಿಗೆ ಭಾರವಾಯಿತು.

ನಾಲ್ಕನೆಯ ಬೆಳಿಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ಊರ ಗೌಡ ಅಡಿವೆಪ್ಪನ ಎದುರು ಹೋಗಿ ನಿಂತಳು. "ಗೌಡ್ರ, ಹೊಟ್ಟಿನ ಸಮೇತ ಜೋಳ ಚೀಲಕ್ಕ ತುಂಬಿ ಮನಿಗೆ ಒಯ್ತೀನಿ. ಮಧ್ಯಾಹ್ನಕ್ಕ ಕಣ ಖಾಲಿ. ನೀವು ಡೊಳ್ಳು ಬಾರಿಸ್ರಿ."

"ಹೊಟ್ಟು ಕೂಡಿದ ಕಾಳು ನೆಲದಾಗಿನ ಹಗೇವಿನಾಗ ಮುಗ್ಗಿಹೋಗತದ ಹಾಲವ್ವ. ಬರೂ ವರ್ಷ ಏನು ಬಿತ್ತತಿ?"

"ಅದು ನನ್ನ ಪಾಡು."

ಗೌಡ ಒಪ್ಪಲಿಲ್ಲ, ಅವಳೂ ಸೋಲಲಿಲ್ಲ. ಖಾಲಿ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ದಿನ್ನೆ ಹತ್ತಿದಳು. ಅಲ್ಲಿ ಮಾಳಪ್ಪನೆಂಬ ಕಂಬಳಿಯವನು, ಕೆಳಗೆ ಜಾಗ ಸಾಲದೆ, ಅವಳ ಕಣದ ಅಂಚಿನಲ್ಲೇ ಗಂಟು ಬಿಚ್ಚಿದ್ದ. ಗಿರಾಕಿಯೊಬ್ಬನಿಗೆ ನೇಯ್ಗೆ ತೋರಿಸಲೆಂದು ಹೊಸ ಕರಿಕಂಬಳಿಯ ಎರಡು ಮೂಲೆ ಹಿಡಿದು, ದೂಳು ಹೋಗುವಂತೆ ಫಟ್ಟನೆ ಝಾಡಿಸಿದ. ರಾಶಿಯ ಮೇಲಿನ ಹೊಟ್ಟು ಭುಸ್ಸೆಂದು ಎದ್ದು ಮಾರು ದೂರ ಹೋಗಿ ಬಿತ್ತು. ಕಾಳು ಕದಲಲಿಲ್ಲ. ಹಾಲವ್ವನ ಹೆಗಲಿನಿಂದ ಚೀಲಗಳು ಜಾರಿದವು. ಹನ್ನೆರಡು ವರ್ಷ ಯಾರನ್ನೂ ಏನನ್ನೂ ಕೇಳದ ನಾಲಿಗೆ ಒಣಗಿಹೋಗಿತ್ತು.

"ತಮ್ಮಾ," ಎಂದಳು ಕೊನೆಗೆ, "ಇನ್ನೊಮ್ಮೆ ಝಾಡಿಸು."

"ಕೊಳ್ಳಾಕ ನೋಡ್ತೀಯೇನ್ ಯವ್ವಾ?"

"ಕಂಬಳಿ ಬ್ಯಾಡ. ಅದರ ಗಾಳಿ ಕೊಡು. ನನ್ನ ಕೈಲೆ ಆಗವಲ್ದು."

ಮಾಳಪ್ಪ ಗಿರಾಕಿಯ ಕೈಗೆ ಆಚೆಯ ಎರಡು ಮೂಲೆ ಕೊಟ್ಟು, "ಹಿಡಿಯೋ" ಎಂದ. ಹಾಲವ್ವ ಮಣೆ ಹತ್ತಿ ಬುಟ್ಟಿ ಸುರಿದಳು, ಅವರಿಬ್ಬರೂ ಬೀಸಿದರು. ಕಾಳು ನೆಟ್ಟಗೆ ಇಳಿಯಿತು, ಹೊಟ್ಟು ಹಾರಿತು. ಅದನ್ನು ಕಂಡ ಉಳಿದ ಕಂಬಳಿಯವರು ತಮ್ಮ ಗಂಟು ಬಿಚ್ಚಿದರು. ಅವರ ಹಿಂದೆ ಬಳೆಗಾರ ತನ್ನ ಹಾಸುವ ಬಟ್ಟೆ ತಂದ, ಹೆಂಗಸರು ಮೊರ ತಂದರು, ಗೌಡ ತಲೆಯ ರುಮಾಲನ್ನೇ ಬಿಚ್ಚಿ ಬೋಳುತಲೆಯಲ್ಲಿ ನಿಂತು ಬೀಸಿದ. ಅಲ್ಲಿಯ ತನಕ ಗೌಡನ ತಲೆಯನ್ನು ಯಾರೂ ನೋಡಿರಲಿಲ್ಲವಂತೆ. ಒಂದು ಊರಿನವರು ಒಂದು ಸಾಲು, ಇನ್ನೊಂದು ಊರಿನವರು ಎದುರು ಸಾಲು, ಯಾರ ಗಾಳಿ ಜೋರೆಂದು ಪಂತವೇ ಬಿತ್ತು. ಎದುರುಬದುರು ಬೀಸಿ ಒಬ್ಬರ ಹೊಟ್ಟು ಇನ್ನೊಬ್ಬರ ಮೋರೆಗೆ ಹೋದಾಗ ದಿನ್ನೆಯೆಲ್ಲ ನಗು. ಡೊಳ್ಳು ಬಾರಿಸುವಂತಿರಲಿಲ್ಲವಾದ್ದರಿಂದ ಮುದುಕಿಯರು ಚಪ್ಪಾಳೆಯಲ್ಲೇ ತಾಳ ಹಿಡಿದು ಕಣದ ಹಾಡು ಎತ್ತಿದರು. ಮಣೆಯ ಮೇಲೆ ಹೊಟ್ಟಿನಲ್ಲಿ ಮಿಂದು ನಿಂತ ಹಾಲವ್ವ, "ಏ ಬಳೆಗಾರ, ಸೊಳ್ಳೆ ಹೊಡಿತೀಯೇನು? ಜೋರ್ ಬೀಸು!" ಎಂದು ಗದರುತ್ತಿದ್ದಳು. ಗದರುತ್ತಲೇ ಅವಳಿಗೂ ನಗು ತಡೆಯಲಾಗಲಿಲ್ಲ. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಊರು ಕಂಡದ್ದು ಅಂದೇ ಎನ್ನುತ್ತಾರೆ.

ಹೊತ್ತು ಇಳಿಯುವ ಹೊತ್ತಿಗೆ ಕೊನೆಯ ಬುಟ್ಟಿ ಮುಗಿಯಿತು. ಹದಿನಾಲ್ಕು ಚೀಲ ಬಿಳಿಜೋಳ ಹತ್ತಾರು ಹೆಗಲೇರಿ ಹಾಲವ್ವನ ಮನೆಯ ಹಾದಿ ಹಿಡಿಯಿತು. ಕಡೆಯ ಚೀಲ ಹೊಸಿಲು ದಾಟಿದೆಯೋ ಇಲ್ಲವೋ, ಪಡುವಣದಿಂದ ಗಾಳಿ ನುಗ್ಗಿ ಬಂತು. ಮೋಡ ಚೆದುರಿತು. ಗುಡಾರಗಳು ಹಾರಿದವು, ಗೌಡನ ರುಮಾಲು ಹೊಲದಾಚೆ ಹೋಯಿತು. ಹಾಲವ್ವ ಕಣದ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತು, ಆಕಾಶಕ್ಕೆ ಮೋರೆಯೆತ್ತಿ ಕೂಗಿದಳಂತೆ: "ಈಗ ಬಂದ್ಯಾ, ಮೈಗಳ್ಳಾ! ಕೆಲಸೆಲ್ಲಾ ಮುಗದೈತಿ, ಉಂಡು ಹೋಗು ಬಾ!"

ಜನ ನಕ್ಕ ನಗೆಯ ಮೇಲೆಯೇ ಡೊಳ್ಳಿಗೆ ಕೋಲು ಬಿತ್ತು. ಆ ವರ್ಷದ ಜಾತ್ರೆ ದಿನ್ನೆಯ ಕೆಳಗೆ ನಡೆಯಲಿಲ್ಲ, ಹಾಲವ್ವನ ಕಣದಲ್ಲೇ ನಡೆಯಿತು. ಮರುವರ್ಷ ಅವಳೇ ಮನೆಮನೆಗೆ ಹೋಗಿ ಜಾತ್ರೆಗೆ ಕರೆದು ಬಂದಳು ಎನ್ನುತ್ತಾರೆ.

ಈಗ ರಾಶಿ ಮಾಡಲು ಯಂತ್ರಗಳಿವೆ. ಗಾಳಿಯ ಹಂಗು ಯಾರಿಗೂ ಇಲ್ಲ. ಆದರೂ ಜಾತ್ರೆಯ ಬೆಳಿಗ್ಗೆ ಊರಲ್ಲಿ ಎಲ್ಲರಿಗಿಂತ ತಡವಾಗಿ ಸುಗ್ಗಿ ಮಾಡಿದವರ ಹೊಲದಿಂದ ಒಂದು ಬುಟ್ಟಿ ತೂರದ ಜೋಳ ದಿನ್ನೆಗೆ ಬರುತ್ತದೆ. ಕಂಬಳಿಯ ಮೂಲೆಗಳನ್ನು ಊರಿನವರು ಹಿಡಿಯುವುದಿಲ್ಲ. ಹೊಸದಾಗಿ ಜಾತ್ರೆ ನೋಡಲು ಬಂದವರ ಕೈಗೇ ಕೊಡುತ್ತಾರೆ. ಮಣೆ ಹತ್ತಿ ಬುಟ್ಟಿ ಸುರಿಯುವ ಹೆಂಗಸು, ಹಾಲವ್ವನಂತೆಯೇ, ಅವರನ್ನು ಮನಸಾರೆ ಗದರುತ್ತಾಳೆ. ಸಂಜೆ ಬೆಳವನಾಳದ ಬಸ್ ನಿಲ್ದಾಣಕ್ಕೆ ಹೋದರೆ, ಪೇಟೆಯ ಅಂಗಿ ತೊಟ್ಟವರು ಕತ್ತು ಕೆರೆದುಕೊಳ್ಳುತ್ತ, ಒಬ್ಬರ ತಲೆಯ ಹೊಟ್ಟನ್ನು ಇನ್ನೊಬ್ಬರು ಹೆಕ್ಕುತ್ತ ಬಸ್ಸಿಗೆ ಕಾಯುತ್ತಿರುವುದು ಕಾಣಿಸುತ್ತದೆ.