ಬಿಳಿ ಮರಿ ಬೇಕೆಂದ ದೊರೆ

ಹರಳುಕೋಟೆ ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ. ಹೇಳಿದ್ರೆ ಈಗ ಅಲ್ಲಿರೋರಿಗೆ ನಾಚಿಕೆ ಆದೀತು. ಅಲ್ಲೊಬ್ಬ ದೊರೆ. ದೊರೆಗೊಬ್ಬ ಬಾಮೈದ. ಬಾಮೈದನ ಹೆಸರು ಚೆಲುವರಸ. ಅಕ್ಕನ ಗಂಡನ ಮನೇಲಿ ಊಟ, ಉಂಡ ಮೇಲೆ ನಿದ್ದೆ, ಎದ್ದ ಮೇಲೆ ದೊರೆ ಏನಂದ್ರೂ "ಹೌದು ಬುದ್ಧಿ". ಇಷ್ಟೇ ಅವನ ಕಸುಬು. ಇಂಥೋರು ಎಲ್ಲಾ ರಾಜ್ಯದಲ್ಲೂ ಇರ್ತಾರೆ, ಬಿಡಿ.

ಅರಮನೆ ಹಿಂದೆ ನಾಯಿಮನೆ. ಉದ್ದ ಕಾಲಿನ, ಸಣ್ಣ ಸೊಂಟದ ಬೇಟೆನಾಯಿಗಳು. ಅವನ್ನ ಬೆಳೆಸ್ತಿದ್ದ ಯಜಮಾನ ಗುಡ್ಡಣ್ಣ ಸತ್ತುಹೋಗಿದ್ದ. ಹೊಸ ಯಜಮಾನನ್ನ ನೇಮಿಸೋಕೆ ದೊರೆಗೆ ಪುರುಸೊತ್ತಿಲ್ಲ. ಉಳಿದೋಳು ಹಾಲವ್ವ ಒಬ್ಬಳೇ. ನಾಯಿಗಳಿಗೆ ರಾಗಿ ಅಂಬಲಿ ಕಾಯಿಸೋ ಮುದುಕಿ.

ಆ ನಾಯಿಗಳಲ್ಲಿ ಗೌಜಿ ಅಂತ ಒಂದು ಹೆಣ್ಣು. ಗೌಜಲ ಹಕ್ಕಿ ಹಾಗೆ ಮೈತುಂಬಾ ಚುಕ್ಕಿ, ಅದಕ್ಕೇ ಆ ಹೆಸರು. ತಾಯಿ ಇಲ್ಲದ ಮರೀನ ಹಾಲವ್ವ ಅಂಗೈಲಿ ಹಾಲು ಹಾಕಿ ನೆಕ್ಕಿಸಿ ಸಾಕಿದ್ದಳು. ಗೌಜಿ ಮಾತಾಡ್ತಿತ್ತು. ಆದ್ರೆ ಹಾಲವ್ವನ ಹತ್ತಿರ ಮಾತ್ರ. ಬೇರೆಯೋರ ಹತ್ತಿರ ಮಾತಾಡಿ ಏನು ಪ್ರಯೋಜನ ಅಂತ ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಪಕ್ಕದ ರಾಜ್ಯದ ರಾಣಿ ಬಂದಳು. ಅವಳ ಮಡಿಲಲ್ಲಿ ಒಂದು ಬಿಳಿ ನಾಯಿಮರಿ. ಬೆಣ್ಣೆ ಮುದ್ದೆ ಅನ್ನಬೇಕು, ಹಾಗಿತ್ತು. ನಮ್ಮ ದೊರೆ ಕಣ್ಣು ಅಲ್ಲೇ ನೆಟ್ಟುಬಿಡ್ತು. ರಾಣಿ ಅತ್ತ ಹೋದದ್ದೇ ತಡ, ಇತ್ತ ದೊರೆ ಸಭೆ ಕರೆದ.

"ನಮ್ಮ ನಾಯಿಮನೇಲಿ ಬಿಳಿ ಮರಿ ಹುಟ್ಟಬೇಕು. ಹುಟ್ಟಿಸಿದೋನಿಗೆ ನನ್ನ ಸಿಂಹಾಸನದ ಮಗ್ಗುಲಲ್ಲೇ ಪೀಠ!"

"ನಾನು ಹುಟ್ಟಿಸ್ತೀನಿ ಬುದ್ಧಿ!" ಅಂತ ಚೆಲುವರಸ ಎದ್ದೇ ಬಿಟ್ಟ.

ಅವನಿಗೇನು ಗೊತ್ತಿತ್ತು? ಒಂದೇ ಒಂದು ಮಾತು ಗೊತ್ತಿತ್ತು. ಗುಡ್ಡಣ್ಣ ಬದುಕಿದ್ದಾಗ ಹೇಳ್ತಿದ್ದ, "ಚುಕ್ಕಿ ಹೆಣ್ಣಿಗೆ ಚುಕ್ಕಿ ಗಂಡು ಕೂಡಿಸಬೇಡ್ರೋ, ಬಿಳಿ ಮರಿ ಹುಟ್ತವೆ, ಅವು ಬಾಳಿನ ಸುಖ ಕಾಣಲ್ಲ" ಅಂತ. ಈ ಮಹಾನುಭಾವ ಬಿಳಿ ಮರಿ ಹುಟ್ತವೆ ಅನ್ನೋದನ್ನ ಇಟ್ಕೊಂಡ, ಉಳಿದದ್ದನ್ನ ಉಗಿದ. ಬೇಕಾದದ್ದನ್ನ ಮಾತ್ರ ಕೇಳಿಸ್ಕೊಳ್ಳೋ ಕಿವಿ ಅದು.

ಗೌಜಿಗೊಬ್ಬ ಅಣ್ಣ, ಬೋರ. ಅದೂ ಚುಕ್ಕಿ ನಾಯಿ. ಚೆಲುವರಸ ಬಂದು, "ಇವೆರಡನ್ನೂ ಕೂಡಿಸು" ಅಂದ.

ಹಾಲವ್ವನ ಕೈಲಿದ್ದ ಸೌಟು ನಿಂತುಹೋಯ್ತು. "ಅಯ್ಯಾ, ಅಣ್ಣ ತಂಗಿ ಅವು. ಅದೂ ಅಲ್ಲದೆ ಎರಡೂ ಚುಕ್ಕಿ..."

"ಅಂಬಲಿ ಹೊತ್ತುತಾ ಇದೆ, ನೋಡ್ಕೋ" ಅಂದ ಚೆಲುವರಸ.

ಹಾಲವ್ವ ಅಂಬಲಿ ನೋಡ್ಕೊಂಡಳು. ಮತ್ತೆ ಬಾಯಿ ಬಿಡಲಿಲ್ಲ. ದೊಡ್ಡೋರ ಮುಂದೆ ಬಡವರ ಬಾಯಿ ಅಷ್ಟೇ ತೆರೆಯೋದು.

ಮೊದಲ ಸೂಲು ಆಯ್ತು. ಹುಟ್ಟಿದ್ದರಲ್ಲಿ ಹೆಚ್ಚಿನವು ಬಿಳಿ! ಅರಮನೇಲಿ ಹಬ್ಬ. ಹಲ್ಲು ಬರೋ ಮುಂಚೆ, ತಾಯಿ ಮೊಲೆ ಬಿಡೋ ಮುಂಚೆ ಮರಿಗಳನ್ನ ಕಿತ್ತು ದಳವಾಯಿಗೊಂದು, ಅವನ ಬೀಗರಿಗೊಂದು, ಹೀಗೆ ಹಂಚಿದ್ರು. ದಳವಾಯಿ ತನ್ನ ಮರೀನ ಕರೆದ. ತಿರುಗಲಿಲ್ಲ. ಚಪ್ಪಾಳೆ ಹೊಡೆದ. ತಿರುಗಲಿಲ್ಲ. ತಮಟೆ ತರಿಸಿ ಬಾರಿಸಿದ. ಊಹೂಂ, ಮಲಗಿದ್ದು ಮಲಗೇ ಇತ್ತು.

"ಏನಪ್ಪಾ ಇದು, ಕಿವುಡಾ?" ಅಂದ ದಳವಾಯಿ.

"ಛೆ ಛೆ! ಗಾಂಭೀರ್ಯ!" ಅಂದ ಚೆಲುವರಸ. "ಕರೆದ ಕೂಡಲೇ ಓಡಿ ಬರೋಕೆ ಅದೇನು ಬೀದಿ ನಾಯಿನಾ? ರಾಜಗಾಂಭೀರ್ಯ ಅದು."

ದೊರೆ ತಲೆದೂಗಿದ. ದೊರೆ ತಲೆದೂಗಿದ ಮೇಲೆ ಇನ್ನಾರ ಕತ್ತು ನೆಟ್ಟಗಿರ್ತದೆ? ಸಭೆಗೆ ಸಭೆಯೇ, "ಆಹಾ, ಏನು ಗಾಂಭೀರ್ಯ!" ಅಂತು.

ನಾಯಿಮನೇಲಿ ಗೌಜಿ ಹೇಳಿತು, "ಅವ್ವಾ, ನಾ ಕರೆದ್ರೆ ನನ್ನ ಮಕ್ಕಳು ತಿರುಗಿ ನೋಡ್ಲಿಲ್ಲ."

ಹಾಲವ್ವ ಅದರ ತಲೆ ಸವರಿದಳು.

ಗೌಜಿಯ ಹೆತ್ತ ಮೈ ಒಣಗೋ ಮುಂಚೆ ಮತ್ತೆ ಕೂಡಿಸಿದ್ರು. ಎರಡನೇ ಸೂಲಿನ ಬಿಳಿ ಮರಿಗಳಿಗೆ ಕಣ್ಣು ಸಾಸಿವೆಯಷ್ಟು. ದಿನ ಕಳೆದ್ರೂ ಬೆಳಕು ಕಾಣಲಿಲ್ಲ. ಮಂತ್ರಿ ಮನೆಗೆ ಹೋದದ್ದು ಕಂಬಕ್ಕೆ ಡಿಕ್ಕಿ, ಗೋಡೆಗೆ ಡಿಕ್ಕಿ, ಮಂತ್ರಿ ಮೊಣಕಾಲಿಗೆ ಡಿಕ್ಕಿ.

"ಏನಪ್ಪಾ ಇದು, ಕುರುಡಾ?" ಅಂದ ಮಂತ್ರಿ.

"ಶಾಂತಂ ಪಾಪಂ! ವಿನಯ!" ಅಂದ ಚೆಲುವರಸ. "ದೊಡ್ಡೋರ ಮುಖ ಎತ್ತಿ ನೋಡಬಾರ್ದು ಅನ್ನೋ ಸಂಸ್ಕಾರ ನಾಯಿಗೂ ಬಂದಿದೆ."

"ಆಹಾ, ಏನು ವಿನಯ!" ಅಂತು ಸಭೆ.

"ಅವ್ವಾ, ಈ ಮಕ್ಕಳು ನನ್ನ ಮುಖಾನೇ ಕಾಣ್ಲಿಲ್ಲ" ಅಂತು ಗೌಜಿ.

ಮತ್ತೆ ಕೂಡಿಸಿದ್ರು. ಮೂರನೇ ಸೂಲಿನ ಮರಿಗಳಿಗೆ ಫಿಟ್ಸು. ಪುರೋಹಿತರ ಮನೆಗೆ ಹೋದದ್ದು ಇದ್ದಕ್ಕಿದ್ದ ಹಾಗೆ ಬೀಳೋದು, ಕಾಲು ಒದರೋದು, ಬಾಯಲ್ಲಿ ನೊರೆ. ಪುರೋಹಿತರು ಪಂಚೆ ಎತ್ತಿಕಟ್ಟಿ ಅರಮನೆಗೆ ಓಡಿ ಬಂದ್ರು.

"ಏನಯ್ಯಾ ಇದು, ರೋಗವಾ?"

"ಕೈ ಮುಗೀರಿ ಸ್ವಾಮಿ! ದೇವರು ಮೈಮೇಲೆ ಬರ್ತಾ ಇದೆ!" ಅಂದ ಚೆಲುವರಸ.

ನಗ್ತೀರಾ? ನಗಿ, ನಗಿ. ಅವತ್ತು ಸಭೇಲಿ ಯಾರೂ ನಗಲಿಲ್ಲ. ಕೈ ಮುಗಿದ್ರು. ಆ ಮರಿ ಒದ್ದಾಡ್ತಾ ಇದ್ರೆ ಅದರ ಹಣೆಗೆ ಕುಂಕುಮ ಇಟ್ಟ ಜನ ಅವರು.

ಗೌಜಿ ಈ ಸಲ ತಲೆ ಎತ್ತಲಿಲ್ಲ. ಪಕ್ಕೆ ಮೂಳೆ ಎಣಿಸೋ ಹಾಗಾಗಿತ್ತು, ಮೊಲೆ ಜೋತುಬಿದ್ದಿತ್ತು. "ಅವ್ವಾ, ಇನ್ನು ನನ್ನ ಕೈಲಾಗಲ್ಲ. ಇನ್ನೊಂದು ಸೂಲಾದ್ರೆ ನಾ ಉಳಿಯಲ್ಲ" ಅಂತು.

ಹಾಲವ್ವ ಓಡಿಹೋಗಿ ಚೆಲುವರಸನ ಕಾಲು ಹಿಡಿದಳು. "ಅಯ್ಯಾ, ಅದು ಸಾಯ್ತದೆ. ಬಿಟ್ಬಿಡಿ."

"ಹೆಣ್ಣುನಾಯಿ ಇರೋದೇ ಹೆರೋಕೆ ಕಣೇ ಮುದುಕಿ. ಅದು ಸತ್ರೆ ಅದರ ಮಗಳಿಲ್ವಾ?" ಅಂದು ಕಾಲು ಕೊಡವಿಕೊಂಡ.

ಹಾಲವ್ವ ಎದ್ದು ಸೆರಗು ಕೊಡವಿದಳು. ಕಣ್ಣೀರು ಅಲ್ಲೇ ನಿಂತುಹೋಯ್ತು. ಕಾಲಿಗೆ ಬಿದ್ರೆ ಕರಗದೋನನ್ನ ತಲೆ ಮೇಲೆ ಕೂರಿಸಿ ಕೆಡವಬೇಕು ಅಂತ ಆಗ ಅವಳಿಗೆ ಹೊಳೀತು.

ಸೀದಾ ಸಭೆಗೆ ಹೋದಳು. "ಬುದ್ಧಿ, ಚೆಲುವರಸರು ಇಷ್ಟೆಲ್ಲಾ ಬಿಳಿ ಮರಿ ಹುಟ್ಟಿಸಿದ್ರು. ಇನ್ನೂ ಅವರಿಗೆ ಪೀಠ ಇಲ್ಲ. ನಾಯಿಮನೆ ಯಜಮಾನ ಅಂತ ಹೆಸರೂ ಇಲ್ಲ. ಗುಡ್ಡಣ್ಣಂಗೆ ಮಾಡಿದ ಹಾಗೆ ಇವರಿಗೂ ಪ್ರಮಾಣ ಮಾಡಿಸಿ, ಊರಿಗೆಲ್ಲ ಗೊತ್ತಾಗೋ ಹಾಗೆ ಕೂರಿಸಿ."

ಚೆಲುವರಸ ಉಬ್ಬಿ ಪೂರಿಯಾದ. "ಮುದುಕಿಗೆ ಈಗ ಬುದ್ಧಿ ಬಂತು" ಅಂದ.

ಆ ರಾಜ್ಯದ ಪದ್ಧತಿ ಏನಂದ್ರೆ, ಮರಿ ಮಾಡಿಸೋ ಯಜಮಾನ ಆಗೋನು ನಾಯಿಮನೆ ಹೊಸ್ತಿಲ ಮೇಲೆ ನಿಂತು, ತಾಯಿನಾಯಿ ತಲೆ ಮುಟ್ಟಿ ಪ್ರಮಾಣ ಮಾಡಬೇಕು. ದೊರೆ ಬಂದ, ಸಭೆ ಬಂತು, ಊರು ಬಂತು. ಗೌಜಿ ತಲೆ ಮೇಲೆ ಕೈಯಿಟ್ಟು ಚೆಲುವರಸ, ಅವತ್ತು ಗುಡ್ಡಣ್ಣ ಹೇಳಿದ್ದ ಮಾತನ್ನೇ ಗಟ್ಟಿಯಾಗಿ ಹೇಳಿದ:

"ನಾ ಹುಟ್ಟಿಸಿದ ಮರಿ ಯಾರಿಗೆ ಬೇಡವಾದ್ರೂ ನನಗೆ ಬೇಕು. ನನ್ನ ಮನೆ ಅದರ ಮನೆ, ನನ್ನ ಹಾಸಿಗೆ ಅದರ ಹಾಸಿಗೆ. ಹಾಗೆ ವಾಪಸ್ ಬಂದ ಮರಿ ಬದುಕಿರೋ ತನಕ ಇನ್ನೊಂದು ಮರಿ ಹುಟ್ಟಿಸಲ್ಲ. ತಪ್ಪಿದ್ರೆ ಈ ರಾಜ್ಯದ ಅನ್ನ ನನಗಿಲ್ಲ."

ಹೇಳಿ ಮೀಸೆ ತಿರುವಿದ. ಅರಮನೆ ಮರೀನ ವಾಪಸ್ ತರೋ ಗಂಡು ಯಾರಿದ್ದಾನೆ? ದೊರೆಗೆ ಅವಮಾನ ಮಾಡಿದ ಹಾಗಲ್ವಾ? ಅದು ಅವನ ಧೈರ್ಯ.

ಹಾಲವ್ವ ಅಂಬಲಿ ಒಲೆ ಆರಿಸಿದಳು. ಹಿತ್ತಲ ಬಾಗಿಲುಗಳ ದಾರಿ ಹಿಡಿದಳು.

ದಳವಾಯಿ ಹೆಂಡತಿ ಸಿಟ್ಟಲ್ಲಿ ಕುದೀತಿದ್ದಳು. ಅವಳ ಕಿವುಡು ನಾಯಿ ಗಾಡಿ ಬರೋದು ಕೇಳದೆ ಚಕ್ರಕ್ಕೆ ಸಿಕ್ಕಿ ಬಾಲ ಕಳ್ಕೊಂಡಿತ್ತು. "ಏನ್ ಮಾಡೋದೇ ಹಾಲವ್ವ, ದೊರೆ ಕೊಟ್ಟದ್ದು" ಅಂದಳು.

"ಹುಟ್ಟಿಸಿದೋನೇ ವಾಪಸ್ ತಗೋತೀನಿ ಅಂತ ದೊರೆ ಮುಂದೆ ಪ್ರಮಾಣ ಮಾಡಿದ್ದಾನಲ್ಲ ತಾಯಿ. ತಗೊಂಡು ಹೋಗಿ ಕೊಟ್ರೆ ಅವಮಾನ ಅಲ್ಲ, ಪ್ರಮಾಣಕ್ಕೆ ಗೌರವ" ಅಂದಳು ಹಾಲವ್ವ.

ಮಂತ್ರಿ ಮನೇಲೂ ಅದೇ ಮಾತು. ಪುರೋಹಿತರ ಮನೇಲೂ ಅದೇ ಮಾತು. ಪುರೋಹಿತರ ಹೆಂಡತಿ ಅಂತೂ, "ಆ ದೇವರನ್ನ ಅವನೇ ಇಟ್ಕೊಳ್ಳಲಿ" ಅಂತ ಆಗಲೇ ಹಗ್ಗ ಬಿಚ್ಚಿದಳು.

ಬೆಳಗಾಯ್ತು. ಚೆಲುವರಸನ ಬಾಗಿಲಿಗೆ ದಳವಾಯಿ ಬಂದ, ಮಂತ್ರಿ ಬಂದ, ಪುರೋಹಿತರು ಬಂದ್ರು. ಅವರನ್ನ ನೋಡಿ ಧೈರ್ಯ ಬಂದು ಊರೆಲ್ಲ ಬಂತು. "ಗಾಂಭೀರ್ಯ ತಗೊಳ್ಳಿ!" "ವಿನಯ ತಗೊಳ್ಳಿ!" "ದೇವರು ಬಂದಿದೆ, ಕೈ ಮುಗೀರಿ!" ಪಡಸಾಲೆ ತುಂಬಿತು, ನಡುಮನೆ ತುಂಬಿತು, ಅವನ ಪಟ್ಟೆಮಂಚವೂ ತುಂಬಿತು.

ಚೆಲುವರಸ ಬಾಯಿ ಬಡ್ಕೊಂಡು ದೊರೆ ಹತ್ತಿರ ಓಡಿದ. "ಬುದ್ಧಿ, ಇವು ಒಂದೂ ನೆಟ್ಟಗಿಲ್ಲ! ಒಂದಕ್ಕೆ ಕಿವಿ ಇಲ್ಲ, ಒಂದಕ್ಕೆ ಕಣ್ಣಿಲ್ಲ, ಒಂದಕ್ಕೆ ರೋಗ! ನಾ ಹೇಗೆ ಬಾಳಲಿ?"

ದೊರೆ ಅವನ ಮುಖಾನೇ ನೋಡಿದ. "ಗಾಂಭೀರ್ಯ ಅಂದ್ಯಲ್ಲೋ?"

ಚೆಲುವರಸ ತನ್ನ ಬಾಯಿಂದಲೇ ಎಲ್ಲ ಹೇಳಿಯಾಗಿತ್ತಲ್ಲ.

"ಪ್ರಮಾಣ ನಡೆಸು. ಇಲ್ಲ ರಾಜ್ಯ ಬಿಡು" ಅಂದ ದೊರೆ. ಬೇರೆ ಕಡೆ ಹೋಗಿ ದುಡಿದು ತಿನ್ನೋ ಆಸಾಮಿನಾ ಅವನು? ಮನೆಗೆ ಹೋದ. ಗಂಜಿ ಕಾಯಿಸಿದ, ನೊರೆ ಒರೆಸಿದ, ನಾಯಿಗಳ ಮಧ್ಯೆ ನೆಲದ ಮೇಲೆ ಮಲಗಿದ. ಮಾಡಿದ್ದುಣ್ಣೋ ಮಹರಾಯ.

ತಾಳಿ, ಈಗಲೇ ಚಪ್ಪಾಳೆ ಹೊಡೀಬೇಡಿ. ಕಥೆ ಇಲ್ಲಿಗೇ ಮುಗಿದಿದ್ರೆ ನನಗೂ ಹೇಳೋಕೆ ಸುಖವಾಗಿರ್ತಿತ್ತು.

ಪ್ರಮಾಣ ಆಗೋ ಮುಂಚೆಯೇ ಆ ಪಾಪಿ ಗೌಜಿಯನ್ನ ಮತ್ತೆ ಬೋರನ ಹತ್ತಿರ ಬಿಟ್ಟಿದ್ದ. ಹಾಲವ್ವನಿಗೆ ಹೇಳಿರಲಿಲ್ಲ. ಗೌಜಿಯೂ ಹೇಳಿರಲಿಲ್ಲ. ಅವ್ವ ಇಷ್ಟು ಕಷ್ಟಪಟ್ಟು ಗೆದ್ದಿದ್ದಾಳೆ, ಹೇಗೆ ಹೇಳೋದು ಅಂತ ಅದು ಸುಮ್ಮನಿತ್ತು. ಹೊಟ್ಟೆ ಕಂಡಾಗ ಹಾಲವ್ವ ಎದೆ ಎದೆ ಬಡ್ಕೊಂಡಳು.

ನೋವು ಶುರುವಾದ ದಿನ ಗೌಜಿ, "ಅವ್ವಾ, ನನ್ನ ಮಕ್ಕಳೆಲ್ಲ ಒಂದೇ ಕಡೆ ಇದಾವಂತಲ್ಲ, ಅಲ್ಲಿಗೆ ಕರ್ಕೊಂಡು ಹೋಗು" ಅಂತು.

ಹಾಲವ್ವ ಅದನ್ನ ಕಂಬಳಿಲಿ ಸುತ್ತಿ ಎತ್ಕೊಂಡು ಚೆಲುವರಸನ ಪಡಸಾಲೆಗೆ ಹೋದಳು. ಗೌಜಿ ಅಲ್ಲೇ ಮಲಗಿ ಮಕ್ಕಳನ್ನ ಕರೀತು. ಕಿವುಡು ಮಕ್ಕಳು ತಿರುಗಲಿಲ್ಲ. ಎದುರಿಗೇ ಬಿಸಿಲಲ್ಲಿ ಬೆನ್ನು ಕಾಯಿಸ್ಕೊಳ್ತಾ ಮಲಗಿದ್ವು. ಕುರುಡು ಮಕ್ಕಳು ಮಾತ್ರ ವಾಸನೆ ಹಿಡಿದು, ಕಂಬಕ್ಕೆ ಗೋಡೆಗೆ ಹಾಯ್ಕೊಂಡು ಬಂದು ತಾಯಿ ಹೊಟ್ಟೆಗೆ ಮೂತಿ ಇಟ್ವು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಗೌಜಿ ಒಂದೊಂದನ್ನೂ ನೆಕ್ಕಿತು. ನೋವು ತಿನ್ನುತ್ತಲೇ ನೆಕ್ಕಿತು.

ಹುಟ್ಟಿದವೆಲ್ಲ ಸತ್ತೇ ಹುಟ್ಟಿದ್ವು. ಕೊನೇದು ಒಂದು ಮಾತ್ರ ಬದುಕಿತ್ತು, ಬಿಳಿ ಅಲ್ಲ, ಚುಕ್ಕಿ ಮರಿ. ಅದು ಕುಂಯ್ ಅಂದಾಗ ಗೌಜಿ ಕಿವಿ ಅಲ್ಲಾಡಿತು. ಆಮೇಲೆ ಅಲ್ಲಾಡಲಿಲ್ಲ.

ಹಾಲವ್ವ ಅಳಲಿಲ್ಲ. ಮರೀನ ಸೆರಗಲ್ಲಿ ಸುತ್ತಿ ಎದೆಗೊತ್ತಿಕೊಂಡು ಕೂತಳು. ಮೂಲೇಲಿ ಚೆಲುವರಸ ಗಂಜಿ ಪಾತ್ರೆ ಹಿಡ್ಕೊಂಡು ನಿಂತಿದ್ದ. ಗೌಜಿ ಮುಖ ನೋಡೋಕೆ ಅವನಿಗೆ ಆಗಲಿಲ್ಲ.

ಸುದ್ದಿ ಕೇಳಿ ದೊರೆ ಬಂದ. ನೋಡಿದ. ಕಣ್ಣಲ್ಲಿ ನೀರು ತಂದ. ದೊರೆಗಳಿಗೆ ಎಲ್ಲ ಆದ್ಮೇಲೆ ಕಣ್ಣೀರು ಬರ್ತದೆ.

"ಎಲ್ಲಾ ಈ ಪಾಪಿ ಚೆಲುವರಸನಿಂದ!" ಅಂದ.

"ಹೌದು ಬುದ್ಧಿ. ಬಿಳಿ ಬೇಕು ಅಂದದ್ದು ಯಾರು?" ಅಂದಳು ಹಾಲವ್ವ.

ದೊರೆ ಹಿಂದೆ ನಿಂತ ದಳವಾಯಿ ನೆಲ ನೋಡಿದ. ಮಂತ್ರಿ ನೆಲ ನೋಡಿದ. ಪುರೋಹಿತರು ಜನಿವಾರ ಎಳ್ಕೊಂಡ್ರು. ದೊರೆ ಮೆಲ್ಲಗೆ ಕೈ ಚಾಚಿದ. "ಆ ಮರಿ ನನಗೆ ಕೊಡು ಹಾಲವ್ವ. ಚಿನ್ನದ ತೊಟ್ಟಿಲಲ್ಲಿ ಸಾಕ್ತೀನಿ."

"ಯಾಕೆ ಬೇಕು ಬುದ್ಧಿ?"

"ಗೌಜಿ ಕೊನೇ ಕುಡಿ ನನ್ನ ಅರಮನೇಲಿದೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ."

"ಕೊಡಲ್ಲ."



"ನಾನು ದೊರೆ ಕಣೇ!"

"ಬಲ್ಲೆ ಬುದ್ಧಿ. ನಾಲ್ಕು ಜನ ನೋಡ್ಲಿ ಅಂತ ಮರಿ ಕೇಳೋರಿಗೆ ಮರಿ ಕೊಡಲ್ಲ. ತಲೆ ಬೇಕಾದ್ರೆ ತಗೊಳ್ಳಿ, ಮರಿ ಮಾತ್ರ ಇಲ್ಲ."

ದೊರೆ ಚಾಚಿದ ಕೈ ಹಾಗೇ ಇತ್ತು. ಹಾಲವ್ವ ಅದನ್ನ ನೋಡಲಿಲ್ಲ. ಗೌಜಿ ತಲೆ ಮೇಲೆ ಕೈಯಿಟ್ಟು ಅಂದಳು, "ಮಗಾ, ಈ 'ಕೊಡಲ್ಲ' ಅನ್ನೋ ಮಾತನ್ನ ನಾ ಅವತ್ತೇ ಅನ್ನಬೇಕಿತ್ತು. ನಾನು ಅಂಬಲಿ ನೋಡ್ಕೊಂಡೆ."

ಆಗ ಅತ್ತಳು ನೋಡಿ, ಊರು ಕೇಳೋ ಹಾಗೆ ಅತ್ತಳು. ಕಿವುಡು ನಾಯಿಗಳು ಬಿಸಿಲಲ್ಲಿ ಮಲಗೇ ಇದ್ವು. ದೊರೆ ಕೈ ಹಿಂದಕ್ಕೆ ತಗೊಂಡು ಹೊರಟುಹೋದ.

ನೀತಿ ಏನು ಅಂತ ಕೇಳ್ತೀರಾ? ಕೇಳ್ಕೊಳ್ಳಿ. ಒಂದು ಜೀವಾನ ಹುಟ್ಟಿಸೋನು, ಅದು ಯಾರಿಗೂ ಬೇಡವಾದ ದಿನ ತನಗೆ ಬೇಕು ಅನ್ನೋನಾಗಿರಬೇಕು. ಹೆರೋ ತಾಯಿ ಮುಖ ನೋಡಿ "ಸಾಕು" ಅನ್ನಬೇಕು. ಕೈ ಚಾಚಿದೋನು ದೊರೆಯೇ ಆದ್ರೂ "ಕೊಡಲ್ಲ" ಅನ್ನಬೇಕು. ಇಷ್ಟು ಬಾಯಿ ಇಲ್ಲದೋನು ಮರಿ ಮಾಡಿಸೋಕೆ ಹೋಗಬಾರದು. ಬಣ್ಣ ನೋಡಿ ಮರಿ ಕೇಳ್ತೀರಲ್ಲ, ನೀವೂ ಕೇಳಿಸ್ಕೊಳ್ಳಿ: ಗೌಜಿಯನ್ನ ಕೊಂದದ್ದು ಚೆಲುವರಸ ಒಬ್ಬನೇ ಅಲ್ಲ.